'ರ' ಅಕ್ಷರದ ಹೊಟ್ಟೆ

ಹೋದ ವರ್ಷ ನನಗೊಂದು ಹೊಸ ಹುಚ್ಚು ಹತ್ತಿಕೊಂಡಿತು. ಆರ್ಟ್ ಜರ್ನಲ್. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಎಕ್ಸೆಲ್ ಶೀಟಿನ ಚೌಕಗಳನ್ನು ತುಂಬಿಸುವ ನನ್ನಂಥವಳಿಗೆ ಒಂದು ದಪ್ಪ ಪುಸ್ತಕ, ಅಂಟು, ಕತ್ತರಿ, ಬಣ್ಣ ಸಿಕ್ಕರೆ ಏನಾಗಬೇಡ! ಹಾಲಿನ ಪ್ಯಾಕೆಟ್ಟು, ಹಳೆ ಎಕ್ಸ್‌ರೇ ಹಾಳೆ, ಮಾತ್ರೆಯ ಖಾಲಿ ಸ್ಟ್ರಿಪ್ಪು, ಬಸ್ ಟಿಕೆಟ್ಟು ಎಲ್ಲ ಸೇರಿಸಿ ಪುಟ ಮಾಡೋದು. ಎಕ್ಸ್‌ರೇ ಹಾಳೆಯಲ್ಲಿ ಎಲೆಯ ಆಕಾರ ಕೊರೆದು, ಅದರ ಮೇಲೆ ಪಾತ್ರೆ ತಿಕ್ಕುವ ಸ್ಪಂಜಿನಿಂದ ಬಣ್ಣ ತಟ್ಟಿದರೆ ಸ್ಟೆನ್ಸಿಲ್ ರೆಡಿ. ಉಳಿದ ಕಾಫಿ ಡಿಕಾಕ್ಷನ್ ಬಳಿದರೆ ಹೊಸ ಹಾಳೆಗೆ ನೂರು ವರ್ಷ ವಯಸ್ಸಾಗುತ್ತೆ.

ಆದರೆ ಬೆಂಗಳೂರಿನ ಫ್ಲಾಟಿನಲ್ಲಿ ಒಳ್ಳೆ ಕಸ ಸಿಗಲ್ಲ. ಒಳ್ಳೆ ಕಸ ಬೇಕಂದರೆ ಊರಿಗೇ ಹೋಗಬೇಕು. ಹಾಗಾಗಿ ಡಿಸೆಂಬರಿನ ಒಂದು ಶನಿವಾರ ಸಕಲೇಶಪುರದ ಬಸ್ಸು ಹತ್ತಿದೆ. ಅಲ್ಲಿಂದ ಆಲೂರಿನ ಕಡೆಗೆ ಒಂದಷ್ಟು ದೂರದಲ್ಲಿ ದೊಡ್ಡಪ್ಪನ ತೋಟ. ಕುಯ್ಲಿನ ಕಾಲ. ಕಣದಲ್ಲಿ ಕಾಫಿ ಹರವಿತ್ತು. ಮನೆಯ ಪಕ್ಕದ ಗೋದಾಮಿಗೆ ನಾನು ಕತ್ತರಿ ಹಿಡಿದೇ ನುಗ್ಗಿದೆ ಅನ್ನಬಹುದು.

ಮೊದಲು ಸಿಕ್ಕಿದ್ದು ಒಂದು ತುಕ್ಕು ಹಿಡಿದ ತಗಡು. ಮೇಲೆ ಇಂಗ್ಲಿಷಿನಲ್ಲಿ ತೋಟದ ಮೂರಕ್ಷರ, ಕೆಳಗೆ ಕನ್ನಡದಲ್ಲಿ 'ಸಕಲೇಶಪುರ' ಅಂತ ಕೊರೆದಿತ್ತು. ಅಂಚಿನಲ್ಲೆಲ್ಲ ಒಣಗಿದ ಕಪ್ಪು ಮಸಿ.

"ಅದು ಚೀಲಕ್ಕೆ ಮಾರ್ಕು ಹಾಕೋ ತಗಡು ಕಣಮ್ಮ," ಅಂದರು ದೊಡ್ಡಪ್ಪ. "ನಿಮ್ಮ ತಾತನ ಕಾಲದ್ದು. ಚೀಲದ ಮೇಲಿಟ್ಟು ಮಸಿ ಉಜ್ಜಿದ್ರೆ ಆಯ್ತು."

ನಾನು ದುಡ್ಡು ಕೊಟ್ಟು ಕಲಿತು ಬಂದಿದ್ದು ಇದನ್ನೇ ತಾನೆ!

ತಗಡನ್ನು ಬೆಳಕಿಗೆ ಹಿಡಿದು ನೋಡಿದೆ. ಕೊನೆಯ 'ರ' ಅಕ್ಷರದ ನಡುವಿನ ಗುಂಡಗಿನ ತುಂಡನ್ನು ಎರಡು ಸಣ್ಣ ಪಟ್ಟಿಗಳು ಹಿಡಿದುಕೊಂಡಿದ್ದವು. 'ರ' ಒಂದು ಪೂರ್ತಿ ಮುಚ್ಚಿದ ಉಂಗುರ. ಅದನ್ನು ಹಾಗೇ ಕೊರೆದರೆ ಒಳಗಿನ ಹೊಟ್ಟೆ ಕಳಚಿ ಬಿದ್ದುಬಿಡುತ್ತೆ, ಆಮೇಲೆ ಚೀಲದ ಮೇಲೆ ಮೂಡೋದು ಬರೀ ಕಪ್ಪು ಬೊಟ್ಟು. ಅನುಸ್ವಾರದ ಸೊನ್ನೆಗೂ ಇದೇ ಗತಿ. ಅದಕ್ಕೇ ಸ್ಟೆನ್ಸಿಲ್ ಕೊರೆಯುವವರು ಅಲ್ಲಲ್ಲಿ ಸಣ್ಣ ಸೇತುವೆ ಬಿಟ್ಟಿರುತ್ತಾರೆ. ಈ ಅಕ್ಷರ ನಿಂತಿರೋದು ಕೊರೆದ ಜಾಗದಿಂದ ಎಷ್ಟೋ, ಕೊರೆಯದೆ ಉಳಿಸಿದ ಜಾಗದಿಂದಲೂ ಅಷ್ಟೇ.

ಈ ವಿದ್ಯೆ ಎಷ್ಟು ಹಳೆಯದು ಗೊತ್ತಾ? ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಗುಹೆಗಳಲ್ಲಿ ಯಾರೋ ಬಂಡೆಗೆ ಅಂಗೈ ಒತ್ತಿಟ್ಟು, ಸುತ್ತ ಕೆಂಪು ಬಣ್ಣ ಊದಿದ್ದಾರೆ. ಅಂಥದ್ದೊಂದು ಕೈಯ ಅಚ್ಚಿಗೆ ಸುಮಾರು 40,000 ವರ್ಷ. ಮಥುರಾದ ಸಾಂಝಿ ಕಲೆಯಲ್ಲಿ ಕಾಗದ ಕತ್ತರಿಸಿ ಅದರ ಮೂಲಕ ಬಣ್ಣದ ಪುಡಿ ಉದುರಿಸಿ ಕೃಷ್ಣನ ಕಥೆ ಬಿಡಿಸುತ್ತಾರೆ. ನಮ್ಮ ಜಾತ್ರೆಗಳಲ್ಲಿ ಸಿಗುವ ತೂತು ತೂತಿನ ರಂಗೋಲಿ ಅಚ್ಚು ಅದರದ್ದೇ ನೆಂಟ. 1880ರ ದಶಕದಲ್ಲಿ ಲಂಡನ್ನಿನಲ್ಲಿ ಡೇವಿಡ್ ಗೆಸ್ಟೆಟ್ನರ್ ಮೇಣದ ಕಾಗದದ ಮೇಲೆ ಇದೇ ಉಪಾಯ ಹೂಡಿದ. ನಮ್ಮ ಅಪ್ಪ ಅಮ್ಮಂದಿರು ಶಾಲೆಯಲ್ಲಿ ಬರೆದ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆ ಬಂದಿದ್ದು ಆ ದಾರಿಯಿಂದಲೇ. 'ಸ್ಟೆನ್ಸಿಲ್ ಕಟ್ ಮಾಡೋದು' ಅಂದರೆ ಆಗ ಟೈಪಿಸ್ಟರ ಕೆಲಸ, ಹವ್ಯಾಸ ಅಲ್ಲ.

ಮತ್ತೆ ಕಾಫಿ ಚೀಲಕ್ಕೆ ಬರೋಣ. ಈ ಮಂಜರಾಬಾದ್ ಸೀಮೆಗೆ 1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ ಬಂದ. ತನ್ನ ಅನುಭವಗಳನ್ನೆಲ್ಲ 1871ರಲ್ಲಿ ಎರಡು ಸಂಪುಟದ ಪುಸ್ತಕವಾಗಿಯೂ ತಂದ. ಆ ಕಾಲದಲ್ಲಿ ಘಟ್ಟದ ಮೇಲಿನ ಕಾಫಿಯನ್ನು ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿ, ಮೇಲಿನ ಹೊಟ್ಟಿನ ಸಮೇತ ಕರಾವಳಿಗೆ ಇಳಿಸುತ್ತಿದ್ದರು. ಆ ಹೊಟ್ಟಿನ ಕಾಫಿಗೇ ಇವತ್ತಿಗೂ ಪಾರ್ಚ್‌ಮೆಂಟ್ ಅನ್ನೋದು. ಮಂಗಳೂರಿನಂಥ ಊರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಟ್ಟು ಬಿಡಿಸಿ, ದಪ್ಪ ಸಣ್ಣ ಬೇರ್ಪಡಿಸಿ ಹಡಗಿಗೆ ತುಂಬುತ್ತಿದ್ದರು. ಹತ್ತಾರು ತೋಟದ ಚೀಲ ಒಂದೇ ಗೋದಾಮಿನಲ್ಲಿ ಬಿದ್ದಿರುವಾಗ ಯಾರದ್ದು ಯಾವುದು ಅಂತ ಹೇಳೋದು ಚೀಲದ ಮೇಲಿನ ಮಾರ್ಕು.

ಆಮೇಲೆ ಯುದ್ಧ ಬಂತು, ಯುರೋಪಿನ ಮಾರುಕಟ್ಟೆ ಮುಚ್ಚಿತು. 1942ರ ಕಾಯ್ದೆಯಿಂದ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಾಯಿತು. ಬಿತ್ತನೆಗೆ, ಮನೆಬಳಕೆಗೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಹಣ ಬರುತ್ತಿದ್ದದ್ದು ಪಾಯಿಂಟ್ ಲೆಕ್ಕದಲ್ಲಿ, ಕಂತು ಕಂತಾಗಿ. ತೋಟದ ಮಾರ್ಕಿನ ಆಯಸ್ಸು ಆಗ ಗೋದಾಮಿನಿಂದ ಕ್ಯೂರಿಂಗ್ ವರ್ಕ್ಸ್‌ವರೆಗೆ ಮಾತ್ರ. ಅಲ್ಲಿ ಚೀಲ ಬಿಚ್ಚಿ ಸುರಿದ ಮೇಲೆ ಉಳಿಯುವುದು ಗ್ರೇಡಿನ ಹೆಸರು: ಪ್ಲಾಂಟೇಶನ್ ಎ, ಚೆರ್ರಿ ಎಬಿ. ಲಂಡನ್ನಿನಲ್ಲಿ 1963ರಲ್ಲಿ ಅಂತಾರಾಷ್ಟ್ರೀಯ ಕಾಫಿ ಸಂಸ್ಥೆ ಶುರುವಾಯಿತು. ಅದರ ಪದ್ಧತಿಯಂತೆ ರಫ್ತಿನ ಚೀಲಕ್ಕೆ ದೇಶದ ಸಂಖ್ಯೆ, ರಫ್ತುದಾರನ ಸಂಖ್ಯೆ, ಲಾಟ್ ಸಂಖ್ಯೆ ಬೀಳುತ್ತೆ. ಭಾರತ ಅಂದರೆ 14. ದೊಡ್ಡಪ್ಪನ ಭಾಷೆಯಲ್ಲಿ ಹೇಳೋದಾದರೆ, "ನಮ್ಮ ಕಾಫಿ ಹಡಗು ಹತ್ತೋ ಹೊತ್ತಿಗೆ ಅದಕ್ಕೆ ಅಪ್ಪ ಅಮ್ಮ ಇರ್ತಿರಲಿಲ್ಲ." 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಈಗ ಇಂದಿರಾನಗರದ ಕೆಫೆಯಲ್ಲಿ 'ಸಿಂಗಲ್ ಎಸ್ಟೇಟ್' ಅಂತ ತೋಟದ ಹೆಸರು ಬರೆದೇ ಮಾರುತ್ತಾರೆ. ಹೆಸರು ವಾಪಸ್ ಬಂತು.

ಆದರೆ ಯಾರ ಹೆಸರು?

ಈ ಪ್ರಶ್ನೆ ನನಗೆ ಹೊಳೆದಿದ್ದು ಮಾರನೇ ದಿನ. ತಗಡಿನ ಹಿಂದೆ ಉದ್ದುದ್ದ ರಿಜಿಸ್ಟರುಗಳ ಕಟ್ಟಿತ್ತು. ಚೆಕ್‌ರೋಲ್. ತೋಟದ ರೈಟರು ಆಳುಗಳ ಹಾಜರಿ ಬರೆದಿಡುವ ಪುಸ್ತಕ. ಹಳದಿ ಹಾಳೆ, ನೀಲಿ ಶಾಯಿ, ಕೆಂಪು ಗೆರೆ, ಸಾಲು ಸಾಲು ಟಿಕ್ ಗುರುತು, ಅರ್ಧ ದಿನಕ್ಕೆ ಅರ್ಧ ಗೀಟು, ಕೊನೆಗೆ ಬಟವಾಡೆಯ ನೇರಳೆ ಹೆಬ್ಬೆಟ್ಟು. ಆರ್ಟ್ ಜರ್ನಲ್ ಮಾಡುವವರಿಗೆ ಇದು ಲಾಟರಿ ಹೊಡೆದಂಗೆ! ಇಂಥ 'ವಿಂಟೇಜ್' ಕಾಗದಕ್ಕೆ ಆನ್‌ಲೈನಿನಲ್ಲಿ ದುಡ್ಡು ಕೊಟ್ಟವಳು ನಾನು. ಜಗುಲಿಯಲ್ಲಿ ಕೂತು 1971ರ ಒಂದು ಹಾಳೆಗೆ ಕತ್ತರಿ ಇಟ್ಟೇ ಬಿಟ್ಟಿದ್ದೆ.

ಅಷ್ಟರಲ್ಲಿ ಮೊದಲು ಲೈನ್ ಮನೆಯಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗನ ಮದುವೆಗೆ ಕರೆಯೋಕೆ ಬಂದರು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದಲ್ಲಿ ಕೂರಿಸಿಕೊಂಡು ತೋಟ ಸುತ್ತಿಸಿದವರು.

"ಏನವ್ವ ಅದು, ಹಾಜರಿ ಪುಸ್ತಕ ಅಲ್ವಾ? ನನ್ನ ಹೆಸರೂ ಇರ್ಬೇಕು ನೋಡು."

ಹುಡುಕಿದೆ. ಇತ್ತು. ನಾನು ಕತ್ತರಿಸಲು ಹೊರಟಿದ್ದ ಹಾಳೆಯಲ್ಲೇ, ಹನ್ನೊಂದನೇ ಸಾಲು. ಪಕ್ಕದಲ್ಲಿ ಹೆಬ್ಬೆಟ್ಟು. ಅಜ್ಜಿ ತಮ್ಮ ಹೆಬ್ಬೆರಳನ್ನು ಅದರ ಪಕ್ಕ ಇಟ್ಟು ನೋಡಿದರು. ಹಾಳೆಯಲ್ಲಿದ್ದ ಗೆರೆಗಳು ಬೆರಳಲ್ಲಿರಲಿಲ್ಲ.

"ಆವಾಗ ಬೆಟ್ಟು ಇಷ್ಟು ಸವೆದಿರಲಿಲ್ಲ," ಅಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ನಾನು ಎಷ್ಟು ವರ್ಷ ದುಡ್ದೆ ಅಂತ ಇದ್ರಲ್ಲಿ ಗೊತ್ತಾಗುತ್ತಾ?"

ಗೊತ್ತಾಗುತ್ತೆ. ಚೆಕ್‌ರೋಲ್ ಇರೋದೇ ಅದಕ್ಕೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ನೀರು, ಚಿಕಿತ್ಸೆ ಕೊಡಬೇಕು ಅಂದಿತು. 1972ರ ಗ್ರಾಚ್ಯುಟಿ ಕಾಯ್ದೆ ತೋಟಗಳಿಗೂ ಅನ್ವಯಿಸಿತು. ಐದು ವರ್ಷ ಸತತ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಕೊಡಬೇಕು. ನನ್ನ ಸಂಬಳದ ಸ್ಲಿಪ್ಪಿನ ಮೂಲೆಯಲ್ಲಿ ನಾನು ಓದದೆ ಬಿಡುವ ಆ ಪದ ಇವರದ್ದೂ ಹೌದು. ಆದರೆ ದುಡಿದಿದ್ದಕ್ಕೆ ಸಾಕ್ಷಿ ಬೇಕು. ಸಾಕ್ಷಿ ನನ್ನ ತೊಡೆಯ ಮೇಲಿತ್ತು, ಕತ್ತರಿಯ ಬಾಯಲ್ಲಿ.

"ಅಜ್ಜಿಗೆ ಕೊಟ್ಟಿದ್ರಾ?" ಅಂತ ರಾತ್ರಿ ಕೇಳಿದೆ. "ನಿಮ್ಮ ತಾತ ಏನೋ ಕೊಟ್ಟಿರ್ಬೇಕು," ಅಂದರು ದೊಡ್ಡಪ್ಪ. ಆ 'ಬೇಕು' ಅನ್ನೋದು ಅವರಿಗೇ ಸರಿ ಕಾಣಲಿಲ್ಲ. ಊಟ ಆದಮೇಲೆ ಇಬ್ಬರೂ ಕಟ್ಟು ಬಿಚ್ಚಿ ಕೂತೆವು. ಗೆದ್ದಲು ತಿಂದಿದ್ದು ಹೋಗಿ ಉಳಿದಿದ್ದು ಹನ್ನೊಂದು ವರ್ಷದ ರಿಜಿಸ್ಟರು, ಅದರಲ್ಲಿ ಒಂಬತ್ತರಲ್ಲಿ ಅಜ್ಜಿಯ ಹೆಸರು. ಕೊಟ್ಟಿದ್ದಕ್ಕೆ ಒಂದು ಚೀಟಿಯೂ ಸಿಗಲಿಲ್ಲ. ಕೊನೆಯ ರಿಜಿಸ್ಟರಿನ ದಿನಗೂಲಿಯ ಲೆಕ್ಕದಲ್ಲಿ ಕೂಡಿಸಿದರೆ ಬಂದ ಮೊತ್ತ, ನಾನು ಆ ವರ್ಷ ಬಣ್ಣ, ಪೆನ್ನು, ಅಂಟಿಗೆ ಸುರಿದಿದ್ದಕ್ಕಿಂತ ಕಮ್ಮಿ. ದೊಡ್ಡಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಇವತ್ತಿನ ಕೂಲಿ ಹಾಕಿ ಲೆಕ್ಕ ಮಾಡು," ಅಂದರು.

ಮದುವೆ ದಿನ ಲಕೋಟೆ ಕೊಟ್ಟಾಗ ಅಜ್ಜಿ ಅದನ್ನು ಸೆರಗಿಗೆ ಕಟ್ಟಿಕೊಂಡು, "ಆ ಹಾಳೆದು ಒಂದು ಜೆರಾಕ್ಸ್ ಕೊಡವ್ವ," ಅಂದರು. ಅವರಿಗೆ ಬೇಕಿದ್ದದ್ದು ಅದೇ ಅನ್ನಿಸಿತು. ಉಳಿದ ಹೆಸರುಗಳದ್ದು ಇನ್ನೂ ನೋಡುತ್ತಿದ್ದೇವೆ. ಎಷ್ಟೋ ಜನ ಯಾವ ಊರಿಗೆ ಹೋದರು ಅಂತಲೇ ಗೊತ್ತಿಲ್ಲ.

ಸಕಲೇಶಪುರದ ಹೆಸರಿಗೆ ಎರಡು ಕಥೆ ಹೇಳುತ್ತಾರೆ. ಹೇಮಾವತಿ ದಡದ ದೇವಸ್ಥಾನದ ಲಿಂಗದಲ್ಲಿ ಒಂದು ಚೂರು ಮುಕ್ಕಾಗಿತ್ತಂತೆ, ಅದಕ್ಕೆ ಶಕಲೇಶ್ವರ. ಶಕಲ ಅಂದರೆ ತುಂಡು. ಇನ್ನು ಕೆಲವರ ಪ್ರಕಾರ ಸಕಲವೂ ಸಿಗುವ ಊರು, ಅದಕ್ಕೆ ಸಕಲೇಶಪುರ. ತುಂಡು ತುಂಡು ಅಂಟಿಸಿ ಪುಟ ಮಾಡುವ ನನಗೆ ಎರಡೂ ಇಷ್ಟ.

ಜರ್ನಲ್ ಬಿಟ್ಟಿಲ್ಲ. ಗೋಣಿಯ ಚೂರಿಗೆ ತಾತನ ತಗಡಿಟ್ಟು ಮಸಿ ಉಜ್ಜಿದ ಪುಟ ನನ್ನ ಮೆಚ್ಚಿನದು, 'ರ'ದ ಹೊಟ್ಟೆ ಚೆನ್ನಾಗಿ ಮೂಡಿದೆ. ರಿಜಿಸ್ಟರುಗಳು ಮಾತ್ರ ಬೇವಿನಸೊಪ್ಪಿನ ಜೊತೆ ಬೀರು ಸೇರಿವೆ, ಒಂದೊಂದು ಪುಟದ ಫೋಟೋನೂ ತೆಗೆದಾಗಿದೆ. ನೀವೂ ಊರಿಗೆ ಹೋದಾಗ ಅಟ್ಟದಲ್ಲೋ ಗೋದಾಮಲ್ಲೋ ಚೆಂದದ ಹಳೆ ಕಾಗದ ಸಿಕ್ಕರೆ ಖಂಡಿತ ಕೆಳಗಿಳಿಸಿ. ಕತ್ತರಿ ಹಾಕೋ ಮುಂಚೆ ಒಂದು ಸಲ ಓದಿ.