ನಮ್ಮ ಚಿನ್ನದ ಗಣಿಯಲ್ಲಿ ಪೌಲಿಯ ಕಣ



ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋಗುವಾಗ ಚಾಂಪಿಯನ್ ನಿಲ್ದಾಣ ಸಿಗುತ್ತದೆ. ಆ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಚಿನ್ನ. ಆದರೆ ಜಗತ್ತಿನ ಭೌತವಿಜ್ಞಾನಿಗಳು ಚಾಂಪಿಯನ್ ರೀಫ್ಸ್ ಗಣಿಯನ್ನು ನೆನೆಯುವುದು ಬೇರೊಂದು ಕಾರಣಕ್ಕೆ.

ಕ್ವಾಂಟಂ ಸಿದ್ಧಾಂತವನ್ನು ಕಟ್ಟಿದವರಲ್ಲಿ ವೂಲ್ಫ್‌ಗಾಂಗ್ ಪೌಲಿ ಪ್ರಮುಖರು. ಒಂದು ಪರಮಾಣುವಿನಲ್ಲಿ ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿರಲಾರವು ಎಂಬ ಅವರ 1925ರ ನಿಯಮವನ್ನು ನಮ್ಮ ಪಿ.ಯು. ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆ ಕಾಲದಲ್ಲಿ ಇನ್ನೊಂದು ಒಗಟಿತ್ತು. ಕೆಲವು ಪರಮಾಣು ಬೀಜಗಳು ಎಲೆಕ್ಟ್ರಾನನ್ನು ಹೊರಹಾಕುವಾಗ ಸ್ವಲ್ಪ ಶಕ್ತಿ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಶಕ್ತಿ ಸಂರಕ್ಷಣಾ ನಿಯಮವೇ ಇಲ್ಲಿ ಸೋಲುತ್ತದೆಯೇ ಎಂದು ನೀಲ್ಸ್ ಬೋರ್ ಅಂಥವರೇ ಸಂಶಯಪಟ್ಟರು. 1930ರ ಡಿಸೆಂಬರ್ 4ರ ಪತ್ರವೊಂದರಲ್ಲಿ ಪೌಲಿ ಅಳುಕುತ್ತಲೇ ಉತ್ತರ ಸೂಚಿಸಿದರು: ವಿದ್ಯುದಾವೇಶವಿಲ್ಲದ, ಕಣ್ಣಿಗೆ ಬೀಳದ ಕಣವೊಂದು ಆ ಶಕ್ತಿಯನ್ನು ಒಯ್ಯುತ್ತಿರಬಹುದು. ಅದೇ ನ್ಯೂಟ್ರಿನೊ. 1956ರಲ್ಲಿ ಅಮೆರಿಕದ ರೀನ್ಸ್ ಮತ್ತು ಕೋವನ್ ಅದನ್ನು ಪರಮಾಣು ರಿಯಾಕ್ಟರ್ ಬಳಿ ಪತ್ತೆಮಾಡಿದರು.

ಆದರೆ ನಿಸರ್ಗದಲ್ಲೇ ಹುಟ್ಟುವ ನ್ಯೂಟ್ರಿನೊ? ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಅದು ಹುಟ್ಟುತ್ತದೆ. ಜೊತೆಗೆ ಮ್ಯೂಆನ್ ಎಂಬ ಕಣಗಳೂ ಮಳೆಯಂತೆ ಸುರಿಯುತ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೊವನ್ನು ಗುರುತಿಸುವುದು ಹೇಗೆ? ಮ್ಯೂಆನ್‌ಗಳನ್ನು ತಡೆಯಲು ಕಿಲೋಮೀಟರುಗಟ್ಟಲೆ ಬಂಡೆ ಬೇಕು. ಅದು ನಮ್ಮಲ್ಲಿತ್ತು.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1951ರಲ್ಲಿ, ಹೋಮಿ ಭಾಭಾ ಅವರ ಸೂಚನೆಯಂತೆ, ಕೆ.ಜಿ.ಎಫ್. ಗಣಿಗಿಳಿದು ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸತೊಡಗಿದರು. 1960ರ ದಶಕದ ಆರಂಭದಲ್ಲಿ ಅತ್ಯಂತ ಆಳದಲ್ಲಿಟ್ಟ ಉಪಕರಣಕ್ಕೆ ಒಂದೂ ಮ್ಯೂಆನ್ ಸಿಗಲಿಲ್ಲ. ಆ ಸೊನ್ನೆಯೇ ಶುಭಸುದ್ದಿ! ನ್ಯೂಟ್ರಿನೊ ಹುಡುಕಲು ಬೇಕಾದ ನಿಶ್ಶಬ್ದ ಅಲ್ಲಿತ್ತು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ತಂಡ ಸುಮಾರು 2.3 ಕಿ.ಮೀ. ಆಳದಲ್ಲಿ ಗೋಡೆಗಳಂತೆ ನೇರ ನಿಂತ ಪತ್ತೆಸಾಧನಗಳನ್ನು ಇಟ್ಟಿತು. ಅಡ್ಡಲಾಗಿ ಬರುವ ಮ್ಯೂಆನ್ ಅಷ್ಟೊಂದು ಬಂಡೆ ದಾಟಿ ಹೊರಗಿನಿಂದ ಬರಲಾರದು. ಅದು ಅಲ್ಲೇ, ನ್ಯೂಟ್ರಿನೊ ಬಂಡೆಗೆ ಬಡಿದು ಹುಟ್ಟಿದ್ದಾಗಿರಬೇಕು. 1965ರ ಆಗಸ್ಟ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದ್ದ ರೀನ್ಸ್ ತಂಡದ ವರದಿ ಅದೇ ತಿಂಗಳು, ಕೆಲವು ದಿನಗಳ ನಂತರ ಹೊರಬಂತು.

ಮುಂದೆ ಪ್ರೋಟಾನ್ ಕೂಡ ಒಡೆದೀತು ಎಂದು ಜೋಗೇಶ್ ಪತಿ ಹಾಗೂ ಡಾ. ಅಬ್ದುಸ್ ಸಲಾಂ ವಾದಿಸಿದರು. 1980ರಲ್ಲಿ ಅದನ್ನು ಪರೀಕ್ಷಿಸಲು ವಿಜ್ಞಾನಿಗಳು ಮತ್ತೆ ನಮ್ಮ ಗಣಿಗೇ ಇಳಿದರು. ಪ್ರೋಟಾನ್ ಒಡೆಯುವುದು ಇಂದಿಗೂ ಸಾಬೀತಾಗಿಲ್ಲ, ಹುಡುಕಾಟ ನಿಂತಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಕುಟುಂಬಗಳ ಅನ್ನದ ದಾರಿ ಅದರೊಂದಿಗೆ ಮುಚ್ಚಿತು. ಕಾರ್ಮಿಕರು ತಲೆಮಾರುಗಟ್ಟಲೆ ಕೊರೆದ ಆ ಆಳವಿಲ್ಲದಿದ್ದರೆ ಈ ಪ್ರಯೋಗವೇ ಇರುತ್ತಿರಲಿಲ್ಲ. ಚಿನ್ನ ಮುಗಿದ ಊರು ಎಂದು ನಮ್ಮ ಮಕ್ಕಳು ಕುಗ್ಗಬೇಕಿಲ್ಲ. ಅವರ ಅಜ್ಜಂದಿರು ತೋಡಿದ ನೆಲದಿಂದ ಇಲ್ಮ್ ಕೂಡ ಹೊರಬಂದಿದೆ. ವಿಜ್ಞಾನದ ಪಾಠದಲ್ಲಿ ಪೌಲಿಯ ಹೆಸರು ಬಂದಾಗ ಚಾಂಪಿಯನ್ ರೀಫ್ಸ್ ಹೆಸರನ್ನೂ ಹೇಳೋಣ.