ಕಲ್ಲಿನ ಬಸವ, ಮಣ್ಣಿನ ಬಸವ

ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಕುರುಗೋಡಿಗೆ ಹೋಗಿದ್ದೆ. ದೊಡ್ಡಬಸವೇಶ್ವರನ ಗುಡಿಯಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಆ ಮಹಾನಂದಿಯ ಮುಂದೆ ನಿಂತು, “ನಮ್ಮ ಸೀಮೆಯ ದೇವರೆಲ್ಲ ಕಲ್ಲಿನವರು, ಮಣ್ಣಿನ ದೇವರನ್ನು ನೋಡಬೇಕಾದರೆ ಗಂಗೆಯ ಬಯಲಿಗೇ ಹೋಗಬೇಕು” ಎಂದು ಉಪಾಧ್ಯಾಯರಿಗೆ ಸಹಜವಾದ ಧೈರ್ಯದಿಂದ ಹೇಳಿಬಿಟ್ಟೆ. ಸಿರುಗುಪ್ಪದ ಕಡೆಯ ಕುಂಬಾರರ ಮನೆಯ ಹುಡುಗಿಯೊಬ್ಬಳು ಮೆಲ್ಲನೆ ಕೇಳಿದಳು: “ಹಂಗಾದ್ರೆ ನಮ್ಮಪ್ಪ ಮಾಡೋ ಬಸವಣ್ಣ ದೇವರಲ್ಲೇನು ಸಾರ್?” ಆಗ ನನಗೆ ಉತ್ತರ ಹೊಳೆಯಲಿಲ್ಲ.

ನನ್ನ ಮನಸ್ಸಿನಲ್ಲಿದ್ದುದು ಕಾನ್ಪುರ ಜಿಲ್ಲೆಯ ಭಿತರ್‌ಗಾಂವ್. ಅಲ್ಲಿನ ಇಟ್ಟಿಗೆಯ ದೇವಾಲಯವು ಗುಪ್ತರ ಕಾಲದ್ದು, ಕ್ರಿ.ಶ. 5ನೆಯ ಶತಮಾನಕ್ಕೆ ಸೇರಿದ್ದು. ಅದರ ಹೊರಗೋಡೆಯ ಗೂಡುಗಳಲ್ಲಿ ದೇವತೆಗಳ ಸುಟ್ಟ ಮಣ್ಣಿನ ಫಲಕಗಳನ್ನು ಕೂರಿಸಿದ್ದರು. ಬರೇಲಿ ಜಿಲ್ಲೆಯ ಅಹಿಚ್ಛತ್ರದ ಶಿವಾಲಯದಲ್ಲಿ ದೊರೆತ ಮಕರವಾಹಿನಿ ಗಂಗೆಯೂ ಕೂರ್ಮವಾಹಿನಿ ಯಮುನೆಯೂ ಹೆಚ್ಚುಕಡಿಮೆ ಆಳೆತ್ತರದ ಮೃಣ್ಮಯ ಮೂರ್ತಿಗಳು. ಅವು ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಇಂಥ ಮೂರ್ತಿಯನ್ನು ಸುಡುವುದು ಸಾಮಾನ್ಯ ವಿದ್ಯೆಯಲ್ಲ. ಗಟ್ಟಿ ಮುದ್ದೆಯಾಗಿ ಮಾಡಿದರೆ ಬೆಂಕಿಯಲ್ಲಿ ಸೀಳುತ್ತದೆ. ಒಳಗೆ ಟೊಳ್ಳು ಬಿಡಬೇಕು, ಮಣ್ಣಿಗೆ ಹೊಟ್ಟು ಬೆರೆಸಿ ಹದಮಾಡಬೇಕು.

ಗಂಗೆಯ ಬಯಲಿನಲ್ಲಿ ಕಲ್ಲು ದುರ್ಲಭ, ಮೆಕ್ಕಲು ಮಣ್ಣು ಧಾರಾಳ. ನಮ್ಮ ಬಳ್ಳಾರಿಯಲ್ಲಾದರೋ ಊರ ನಡುವೆಯೇ ಬಂಡೆಯ ಬೆಟ್ಟ ನಿಂತಿದೆ. ಆದುದರಿಂದ ಅಲ್ಲಿ ಕುಂಬಾರನು ಶಿಲ್ಪಿಯಾದನು, ಇಲ್ಲಿ ಕಲ್ಲುಕುಟಿಗನು ಶಿಲ್ಪಿಯಾದನು. ಇಷ್ಟು ಸರಿ. ನಾನು ತಪ್ಪಿದ್ದು, ಗುಡಿಯ ಗೋಡೆಯ ಮೇಲಿಲ್ಲದ್ದು ನಾಡಿನಲ್ಲೇ ಇಲ್ಲವೆಂದು ತಿಳಿದುದರಲ್ಲಿ.

ನಮ್ಮೂರಿನ ಮಗ್ಗುಲಲ್ಲೇ ಇರುವ ಕಪ್ಪಗಲ್ಲಿನ ಬೆಟ್ಟದ ಬಂಡೆಗಳ ಮೇಲೆ ನವಶಿಲಾಯುಗದ ಜನ ಎತ್ತುಗಳ ರೂಪವನ್ನು ಕುಟ್ಟಿ ಮೂಡಿಸಿದ್ದಾರೆ. ಅದೇ ಯುಗದ ನೆಲೆಯಾದ ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಅವರು ಅಗೆದಾಗ ಸುಟ್ಟ ಮಣ್ಣಿನ ಪ್ರಾಣಿಗೊಂಬೆಗಳೂ ಸಿಕ್ಕವು. ಅವನ್ನು ಆ ಜನ ಪೂಜಿಸುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ನಮ್ಮ ರೈತರು ಎರೆಮಣ್ಣಿನ ಜೋಡೆತ್ತಿಗೆ ಪೂಜೆ ಮಾಡಿ ನೈವೇದ್ಯ ಇಡುವುದನ್ನು ಯಾರು ತಾನೇ ಅಲ್ಲಗಳೆಯಬಲ್ಲರು? ಅದು ಸುಡದ ಮಣ್ಣು. ಪೂಜೆ ಮುಗಿದ ಮೇಲೆ ಮತ್ತೆ ಮಣ್ಣಿಗೇ ಸೇರುವುದು. ಚೌತಿಯ ಗಣಪತಿಯ ರೀತಿಯೂ ಇದೇ. ವಸ್ತುಸಂಗ್ರಹಾಲಯಕ್ಕೆ ಉಳಿಯದಿರುವುದೇ ಈ ದೇವರ ಧರ್ಮ. ಹೀಗಿರುವಾಗ, ಉಳಿದುದನ್ನು ಮಾತ್ರ ಲೆಕ್ಕವಿಡುವ ನಮ್ಮ ಪುಸ್ತಕಗಳಲ್ಲಿ ಕುಂಬಾರನ ಹೆಸರು ಬರುವುದಾದರೂ ಹೇಗೆ?

ಇನ್ನೂ ಒಂದು ಮಾತು. ಹಂಪೆಯ ವಿರೂಪಾಕ್ಷನ ಮಹಾಗೋಪುರದ ಬುಡ ಮಾತ್ರ ಕಲ್ಲು. ಮೇಲಿನ ನೆಲೆಗಳು ಇಟ್ಟಿಗೆ, ಅಲ್ಲಿನ ಬೊಂಬೆಗಳು ಗಾರೆ. ಕಲ್ಲಿನ ನಾಡಿನಲ್ಲಿಯೂ ಎತ್ತರಕ್ಕೆ ಏರಿದುದು ಸುಟ್ಟ ಮಣ್ಣೇ.

ಮುಂದಿನ ವಾರ ತರಗತಿಯಲ್ಲಿ ನನ್ನ ಮಾತನ್ನು ಹಿಂತೆಗೆದುಕೊಂಡೆ. ಹುಡುಗಿ ಏನೂ ಹೇಳಲಿಲ್ಲ. ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂಜೆ, ಗಾಂಧಿನಗರದ ನಮ್ಮ ಮನೆಗೆ ಒಂದು ಜೊತೆ ಮಣ್ಣೆತ್ತು ಬಂದವು. ಕೋಡುಗಳಲ್ಲಿ ಹಸಿ ಇನ್ನೂ ಆರಿರಲಿಲ್ಲ. ದೇವರ ಕೋಣೆಯಲ್ಲಿ ಕಲ್ಲಿನ ಲಿಂಗದ ಪಕ್ಕದಲ್ಲೇ ಅವಕ್ಕೆ ಜಾಗ ಮಾಡಿಕೊಟ್ಟೆವು.