ಬೆರಳಿನ ಬೆಲೆ

ಕಡಲ ತೀರದ ನಗರವಲ್ಲ, ಯಲಬುರ್ಗಾ ಸೀಮೆಯ ಮಂಗಳೂರು ನಮ್ಮ ಪ್ರಸ್ತುತ ವಿಚಾರದ ನೆಲೆ; ಅಲ್ಲಿನ ದಂತವೈದ್ಯನ ಕೈ ಸೋತರೆ ಅವನ ಆದಾಯಕ್ಕೇನು ಗತಿಯೆಂಬುದೇ ಆ ವಿಚಾರ. ನಿಜಾಮರ ರಾಜ್ಯದಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರನ್ನು ಕೂಡಿದ ಈ ಭಾಗಕ್ಕೆ, 1891ರಲ್ಲಿಯೇ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಆರಂಭಿಸಿದ್ದ ವಿಮೆಯ ಪರಂಪರೆಯು ತಡವಾಗಿ ದೊರೆಯಿತು. ಅದಾದರೂ ಸರ್ಕಾರಿ ನೌಕರರಿಗೇ ಮೀಸಲು.

ಕೆಲಸದ ವೇಳೆಯ ಅಪಘಾತದಲ್ಲಿ ಅಂಗವನ್ನು ಕಳೆದುಕೊಂಡವನಿಗೆ ಪರಿಹಾರ ಸಲ್ಲತಕ್ಕದ್ದೆಂದು 1923ರ ಕಾರ್ಮಿಕರ ನಷ್ಟಪರಿಹಾರ ಶಾಸನವು ವಿಧಿಸಿತು. ಅದರ ಪರಿಷ್ಕೃತ ಅನುಸೂಚಿಯಲ್ಲಿ ಹೆಬ್ಬೆರಳಿನ ನಷ್ಟವು ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30, ತೋರುಬೆರಳಿನದು ಶೇಕಡಾ 14 ಎಂದಿತ್ತು. ಹಲ್ಲಿನ ಸಂದಿನಲ್ಲಿ ಸೂಕ್ಷ್ಮೋಪಕರಣವನ್ನು ನಡೆಸುವ ದಂತವೈದ್ಯನಿಗೆ ತೋರುಬೆರಳೇ ಸರ್ವಸ್ವವೆಂಬುದನ್ನು ಈ ಗಣಿತವು ಅರಿಯಲಿಲ್ಲ. ಅರಿತಿದ್ದರೂ, ಸ್ವಂತ ದವಾಖಾನೆಯ ಒಡೆಯನಾದ ಅವನು ಆ ಶಾಸನದ ಪರಿಧಿಗೇ ಸೇರುತ್ತಿರಲಿಲ್ಲ.

1948ರ ದಂತವೈದ್ಯರ ಕಾಯಿದೆಯು ವೃತ್ತಿಗೆ ನೋಂದಣಿಯನ್ನೂ ಗೌರವವನ್ನೂ ಕೊಟ್ಟಿತು, ಆಪತ್ಕಾಲದ ಆದಾಯವನ್ನಲ್ಲ. 1973ರಲ್ಲಿ ಸಾಮಾನ್ಯ ವಿಮೆಯು ರಾಷ್ಟ್ರೀಕೃತವಾದ ಮೇಲೆಯೂ ಅವನಿಗೆ ಸುಲಭವಾಗಿ ಸಿಕ್ಕಿದ್ದು ವೈಯಕ್ತಿಕ ಅಪಘಾತ ಪಾಲಿಸಿ ಮಾತ್ರ. ಅಮೆರಿಕದಲ್ಲಿ ತನ್ನದೇ ವೃತ್ತಿಯನ್ನು ಮಾಡಲಾಗದಿರುವುದನ್ನೇ ಅಶಕ್ತತೆಯೆಂದು ಪರಿಗಣಿಸಿ ಮಾಸಿಕ ಹಣವನ್ನು ಕೊಡುವ ಪೂರಕ ವಿಮೆ ಬಳಕೆಯಲ್ಲಿದೆ. ನಮ್ಮಲ್ಲಾದರೋ, ವರ್ಷಾನುಗಟ್ಟಲೆ ಬಾಗಿ ದುಡಿದು ಸವೆದ ಕತ್ತು ಆ ಅಪಘಾತ ಪಾಲಿಸಿಯ ಕಣ್ಣಿಗೆ ಅಪಘಾತವೆನಿಸದು.